ಬಾವಲಿಯನ್ನು ಕಚ್ಚಿದ ಓಜಿಗಾಗಿ ಒಂದು ಊರು ಯಾಕೆ ಅಷ್ಟು ಅತ್ತಿತು?

2025ರ ಜುಲೈ 30. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬ್ರಾಡ್ ಸ್ಟ್ರೀಟ್. ರಸ್ತೆಯ ಎರಡೂ ಬದಿಗೆ ಸಾವಿರಾರು ಜನ ನಿಂತಿದ್ದಾರೆ. ಎತ್ತ ನೋಡಿದರೂ ಕಪ್ಪು ಟೀ ಶರ್ಟ್. ರಾಕ್ ಹಾಡುಗಾರ ಓಜಿ ಓಸ್ಬೋರ್ನ್‌ನ ಶವದ ಗಾಡಿ ನಿಧಾನಕ್ಕೆ ಬರುತ್ತಿದೆ. ಜೊತೆಗೆ ಹಿತ್ತಾಳೆ ವಾದ್ಯದ ಒಂದು ಬ್ಯಾಂಡ್‌ಸೆಟ್, ನಮ್ಮಲ್ಲಿ ಮದುವೆ ದಿಬ್ಬಣಕ್ಕೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ. ಅವರು ನುಡಿಸುತ್ತಿರುವುದು ಶೋಕಗೀತೆಯಲ್ಲ. ಅವನದೇ ಬ್ಯಾಂಡಿನ 'ಐರನ್ ಮ್ಯಾನ್' ಅನ್ನುವ ಅಬ್ಬರದ ಹಾಡು. ಜನ ಅಳುತ್ತಲೇ 'ಓಜಿ, ಓಜಿ, ಓಜಿ' ಅಂತ ಕೂಗುತ್ತಾರೆ. 'ಓಯ್ ಓಯ್ ಓಯ್' ಅಂತ ಉತ್ತರವನ್ನೂ ತಾವೇ ಕೊಡುತ್ತಾರೆ.

ಆ ವಿಡಿಯೊ ನಮ್ಮ ಫೋನುಗಳಿಗೂ ಬಂತು. ಅದನ್ನು ನೋಡಿದ ಬಹಳ ಜನರಿಗೆ ಮೊದಲು ಹೊಳೆದ ಪ್ರಶ್ನೆ ಒಂದೇ: 'ಇವನು ಬಾವಲಿ ತಲೆ ಕಚ್ಚಿದವನಲ್ವಾ? ಇವನಿಗೆ ಇಷ್ಟೊಂದು ಜನವಾ?'

ಹೌದು, ಅವನೇ. ಆದರೆ ಬಾವಲಿಯಿಂದ ಶುರು ಮಾಡಿದರೆ ಈ ಜನ ಯಾಕೆ ಅಳುತ್ತಿದ್ದಾರೆ ಅನ್ನುವುದು ಅರ್ಥವಾಗುವುದಿಲ್ಲ. ಒಂದು ಫ್ಯಾಕ್ಟರಿಯಿಂದ ಶುರು ಮಾಡಬೇಕು.

ಇನ್ನೊಂದು ಮಾತು. ಇಲ್ಲಿ ಓಜಿಯನ್ನೂ ಅವನ ಗೆಳೆಯರನ್ನೂ ಏಕವಚನದಲ್ಲೇ ಕರೆಯುತ್ತೇನೆ. ಅಭಿಮಾನಿಗಳು ಅವನನ್ನು ಪಕ್ಕದ ಮನೆ ಹುಡುಗನ ಹಾಗೆ ಕರೆಯುತ್ತಾರೆ. ಬಹುವಚನ ಹಾಕಿದರೆ ಅವನು ಬೇರೆ ಯಾರೋ ಆಗಿಬಿಡುತ್ತಾನೆ.

ಓಜಿ ಅಂದರೆ ಯಾರು?

ಹುಟ್ಟುಹೆಸರು ಜಾನ್ ಮೈಕಲ್ ಓಸ್ಬೋರ್ನ್. ಹುಟ್ಟಿದ್ದು 1948ರ ಡಿಸೆಂಬರ್ 3ರಂದು, ಬೆಳೆದದ್ದು ಬರ್ಮಿಂಗ್‌ಹ್ಯಾಮಿನ ಆಸ್ಟನ್ ಅನ್ನುವ ಕಾರ್ಮಿಕರ ಬಡಾವಣೆಯಲ್ಲಿ. ಎರಡನೇ ಮಹಾಯುದ್ಧದ ಬಾಂಬುಗಳು ಈ ಊರನ್ನು ಚೆನ್ನಾಗಿಯೇ ಹೊಡೆದಿದ್ದವು. ಅಲ್ಲಿನ ಮಕ್ಕಳು ಆಡುತ್ತಿದ್ದುದು ಬಿದ್ದ ಮನೆಗಳ ಅವಶೇಷದ ಮಧ್ಯೆ. ಲಾಡ್ಜ್ ರಸ್ತೆಯ ಸಣ್ಣ ಮನೆಯಲ್ಲಿ ಆರು ಮಕ್ಕಳು. ಅಪ್ಪ ಕಾರ್ಖಾನೆಯಲ್ಲಿ ಟೂಲ್‌ಮೇಕರ್, ನೈಟ್ ಶಿಫ್ಟ್. ಅಮ್ಮನಿಗೂ ಫ್ಯಾಕ್ಟರಿ ಕೆಲಸವೇ.

ಹುಡುಗನಿಗೆ ಓದು ಹತ್ತಲಿಲ್ಲ. ಓದುವುದು, ಬರೆಯುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾ ಅನ್ನುವ ತೊಂದರೆ ಇತ್ತು. ಆ ಕಾಲದಲ್ಲಿ ಅದಕ್ಕೆ ದಡ್ಡತನ ಅಂತಲೇ ಹೆಸರು. 15ಕ್ಕೆ ಶಾಲೆ ಬಿಟ್ಟ. ಕಸಾಯಿಖಾನೆಯಲ್ಲಿ ದುಡಿದ. ಕಾರಿನ ಹಾರ್ನ್ ಸರಿಯಾಗಿ ಕೂಗುತ್ತದೋ ಇಲ್ಲವೋ ಅಂತ ದಿನವಿಡೀ ಪರೀಕ್ಷಿಸುವ ಕೆಲಸವನ್ನೂ ಮಾಡಿದ. ಸಂಗೀತ ಕ್ಷೇತ್ರದಲ್ಲಿ ನನ್ನ ಮೊದಲ ಕೆಲಸ ಅದೇ ಅಂತ ಆಮೇಲೆ ತಮಾಷೆ ಮಾಡುತ್ತಿದ್ದ. ಬಟ್ಟೆ ಅಂಗಡಿಯಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದ. ಅಪ್ಪ ದಂಡ ಕಟ್ಟಲಿಲ್ಲ, ಬುದ್ಧಿ ಬರಲಿ ಅಂತ ಬಿಟ್ಟರು. ಹುಡುಗ ಕೆಲವು ವಾರ ಜೈಲಿನಲ್ಲಿ ಕೂತು ಬಂದ.

ಇವನ ತಲೆಗೆ ಹಾಡಿನ ಹುಚ್ಚು ಹತ್ತಿದ್ದು 1963ರಲ್ಲಿ, ರೇಡಿಯೊದಲ್ಲಿ ಬೀಟಲ್ಸ್ ಕೇಳಿ. ಅದೇ ಅಪ್ಪ ಆಮೇಲೆ ಸಾಲ ಮಾಡಿ ಇವನಿಗೆ ಮೈಕು, ಸ್ಪೀಕರ್ ಕೊಡಿಸಿದರು. ಸ್ವಂತ ಮೈಕ್‌ಸೆಟ್ ಇದ್ದವನಿಗೆ ಬ್ಯಾಂಡಿನಲ್ಲಿ ಜಾಗ ಸುಲಭ. ಹುಡುಗ ಅಂಗಡಿಯೊಂದರಲ್ಲಿ ಚೀಟಿ ಅಂಟಿಸಿದ: ಓಜಿ ಜಿಗ್‌ಗೆ ಹಾಡುವ ಅವಕಾಶ ಬೇಕು, ಸ್ವಂತ ಮೈಕ್‌ಸೆಟ್ ಇದೆ. ಹೀಗೆ 1968ರಲ್ಲಿ ನಾಲ್ವರು ಸೇರಿದರು. ಹಾಡಲು ಓಜಿ, ಗಿಟಾರಿಗೆ ಟೋನಿ ಐಯೋಮಿ, ಬೇಸ್ ಗಿಟಾರಿಗೆ ಗೀಜರ್ ಬಟ್ಲರ್, ಡ್ರಮ್ಸಿಗೆ ಬಿಲ್ ವಾರ್ಡ್. ನಾಲ್ವರೂ ಅದೇ ಸುತ್ತಮುತ್ತಲ ಬೀದಿಯವರು. ಬ್ಯಾಂಡಿನ ಹೆಸರು ಒಂದೆರಡು ಸಲ ಬದಲಾಗಿ ಕೊನೆಗೆ 'ಬ್ಲ್ಯಾಕ್ ಸ್ಯಾಬತ್' ಅಂತ ನಿಂತಿತು. ಅದು ಒಂದು ದೆವ್ವದ ಸಿನಿಮಾದ ಹೆಸರು. ಹೆದರಿಕೊಳ್ಳುವುದಕ್ಕೆ ಜನ ದುಡ್ಡು ಕೊಟ್ಟು ಟಿಕೆಟ್ ತಗೋತಾರೆ, ಹಾಗಾದರೆ ಹೆದರಿಸುವ ಹಾಡು ಯಾಕೆ ಮಾಡಬಾರದು ಅನ್ನುವುದು ಇವರ ಲೆಕ್ಕ.

ರಾಕ್ ಬೇರೆ, ಹೆವಿ ಮೆಟಲ್ ಬೇರೆಯಾ?

ರಾಕ್ ಅನ್ನುವುದು ದೊಡ್ಡ ಮನೆತನ. ಗಿಟಾರ್, ಬೇಸ್, ಡ್ರಮ್ಸ್, ಒಬ್ಬ ಹಾಡುಗಾರ, ಇಷ್ಟು ಇದ್ದರೆ ಬಹುಪಾಲು ರಾಕ್ ಆಯಿತು. ಬೀಟಲ್ಸ್ ಕೂಡ ಅದೇ ಮನೆತನದವರೇ. ಹೆವಿ ಮೆಟಲ್ ಆ ಮನೆಯ ಒಂದು ಕವಲು, ಬ್ಲ್ಯಾಕ್ ಸ್ಯಾಬತ್ ಹಾಡಿದ್ದು ಇದನ್ನೇ. ಭಾರದ ಸದ್ದು, ಜೋರು ಗಿಟಾರ್, ಕತ್ತಲಿನ ವಿಷಯ. ಪ್ರೇಮಪತ್ರ, ಹೂವು, ಬೆಳದಿಂಗಳು ಇಲ್ಲಿ ಕಡಿಮೆ. ಯುದ್ಧ, ಹುಚ್ಚು, ಭಯ, ಸಾವು ಜಾಸ್ತಿ.

ಎರಡು ಪದ ಗೊತ್ತಿದ್ದರೆ ಮುಂದಿನದು ಸುಲಭ.

ಒಂದು, ರಿಫ್. ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ. ಹಾಡಿನ ಪಲ್ಲವಿ ಹೇಗೋ ಹಾಗೆ, ಆದರೆ ಮಾತಿಲ್ಲ. ಮೆಟಲ್ ಹಾಡನ್ನು ಜನ ನೆನಪಿಟ್ಟುಕೊಳ್ಳುವುದು ಸಾಹಿತ್ಯದಿಂದಲ್ಲ, ರಿಫ್‌ನಿಂದ. ಅದಕ್ಕೇ ಹಿತ್ತಾಳೆ ವಾದ್ಯದವರು ಬಾಯಿಬಿಟ್ಟು ಹಾಡದೇ ಬರೀ ಊದಿದರೂ ಇಡೀ ಬೀದಿಗೆ ಹಾಡು ಗೊತ್ತಾಯಿತು.

ಇನ್ನೊಂದು, ಡಿಸ್ಟಾರ್ಷನ್. ಜಾತ್ರೆಯಲ್ಲಿ ಹಳೇ ಮೈಕ್‌ಸೆಟ್ಟಿನ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಸದ್ದು ಒಡೆದು ಗರಗರ ಅನ್ನುತ್ತದಲ್ಲ, ಅದೇ. ಯಂತ್ರ ತನ್ನ ಶಕ್ತಿ ಮೀರಿ ಕೂಗಿದಾಗ ಶಬ್ದದ ಅಲೆಯ ತುದಿಗಳು ಕತ್ತರಿಸಿ ಹೋಗುತ್ತವೆ. ಆಗ ಮೂಲ ಸ್ವರದ ಜೊತೆ ಇನ್ನೂ ಹತ್ತಾರು ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಮೈಕ್‌ಸೆಟ್ಟಿನವರಿಗೆ ಅದು ದೋಷ. ಮೆಟಲ್‌ನವರಿಗೆ ಅದೇ ಬಣ್ಣ.

ಪೀಣ್ಯದ ಯಾವುದಾದರೂ ಪ್ರೆಸ್ ಶಾಪಿನ ಮುಂದೆ ಐದು ನಿಮಿಷ ನಿಂತು ನೋಡಿ. ಧಡ್, ಕಿರ್ರ್, ಧಡ್, ಕಿರ್ರ್. ಒಂದು ಲಯ ಇದೆ, ಒಂದು ಭಾರ ಇದೆ. ಆಸ್ಟನ್ ಹುಡುಗರು ಹುಟ್ಟಿದಾಗಿನಿಂದ ಕೇಳಿದ್ದು ಅದನ್ನೇ. ಅವರ ಹಾಡಿನಲ್ಲಿ ಅದು ಬಂದದ್ದರಲ್ಲಿ ಆಶ್ಚರ್ಯ ಏನಿಲ್ಲ.

ಎರಡು ಬೆರಳ ತುದಿ ಹೋದ ಕತೆ

ಆದರೆ ಆ ಸದ್ದು ನಿಜಕ್ಕೂ ಬಂದ ದಾರಿ ಇನ್ನೂ ವಿಚಿತ್ರ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಅತಿ ಮುಖ್ಯವಾದ ದಿನ ಇದು. ಇದರಲ್ಲಿ ಓಜಿ ಇಲ್ಲವೇ ಇಲ್ಲ.

ಟೋನಿ ಐಯೋಮಿಗೆ ಆಗ 17. ತಗಡಿನ ಕಾರ್ಖಾನೆಯಲ್ಲಿ ಕೆಲಸ. ಗಿಟಾರ್ ನುಡಿಸಲು ಹೊರದೇಶಕ್ಕೆ ಹೋಗುವ ಅವಕಾಶ ಸಿಕ್ಕಿತ್ತು, ಅವತ್ತು ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲ್ಲ ಅಂದ. ಅಮ್ಮ ಬಿಡಲಿಲ್ಲ. ಹಿಡಿದ ಕೆಲಸ ಮುಗಿಸಿ ಬಾ ಅಂತ ಕಳಿಸಿದರು. ಅವತ್ತು ಇನ್ನೊಬ್ಬರು ರಜೆ, ಅವರ ಯಂತ್ರಕ್ಕೆ ಇವನನ್ನು ಹಾಕಿದರು. ಆ ಯಂತ್ರ ಇವನ ಬಲಗೈಯ ನಡುಬೆರಳು, ಉಂಗುರದ ಬೆರಳು, ಎರಡರ ತುದಿಯನ್ನೂ ಕಿತ್ತುಹಾಕಿತು.

ಟೋನಿ ಎಡಚ. ಹಾಗಾಗಿ ತಂತಿ ಒತ್ತುವ ಕೈ ಬಲಗೈ. ಗಿಟಾರ್ ಮುಗಿಯಿತು ಅಂದುಕೊಂಡ. ಕಾರ್ಖಾನೆಯ ಮೇಲ್ವಿಚಾರಕರು ಮನೆಗೆ ಬಂದು ಒಂದು ರೆಕಾರ್ಡ್ ಕೇಳಿಸಿದರು. ಜ್ಯಾಂಗೊ ರೈನ್‌ಹಾರ್ಟ್ ಅನ್ನುವ ಜಾಜ್ ಗಿಟಾರ್ ವಾದಕನದು. ಬೆಂಕಿ ಅಪಘಾತದಲ್ಲಿ ಎರಡು ಬೆರಳು ಕೆಲಸಕ್ಕೆ ಬಾರದಂತಾದ ಮೇಲೂ ನುಡಿಸಿದವನು. ಟೋನಿ ಎದ್ದು ಕೂತ. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿಯ ಹಾಗೆ ಎರಡು ಗುಬುಟು ಮಾಡಿದ. ತಂತಿ ಜಾರದಿರಲಿ ಅಂತ ಅದರ ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ. ಟೈಲರ್‌ಗಳು ಬೆರಳಿಗೆ ಹಾಕಿಕೊಳ್ಳುವುದಿಲ್ಲವೇ, ಆ ರೀತಿ.

ಈಗ ಎರಡು ತೊಂದರೆ. ಪ್ಲಾಸ್ಟಿಕ್ ತುದಿಗೆ ಸ್ಪರ್ಶ ಗೊತ್ತಾಗುವುದಿಲ್ಲ. ಬಿಗಿ ತಂತಿ ಒತ್ತಿದರೆ ನೋವು. ಅದಕ್ಕೆ ಅವನು ತೆಳು ತಂತಿ ಹಾಕಿದ. ಆಮೇಲೆ ತಂತಿಯನ್ನೇ ಸಡಿಲ ಬಿಟ್ಟ. ತಂತಿ ಸಡಿಲವಾದರೆ ಶ್ರುತಿ ಇಳಿಯುತ್ತದೆ. 1971ರ ಮೂರನೇ ಆಲ್ಬಮ್ಮಿನ ಹೊತ್ತಿಗೆ ಕೆಲವು ಹಾಡುಗಳಲ್ಲಿ ಮಾಮೂಲಿಗಿಂತ ಮೂರು ಸ್ವರಸ್ಥಾನ ಕೆಳಗೆ ಇಳಿಸಿದ್ದ. ಸದ್ದು ದಪ್ಪವಾಯಿತು, ಕೆಸರಿನಲ್ಲಿ ನಡೆಯುವ ಎಮ್ಮೆಯ ಹಾಗೆ ಭಾರವಾಯಿತು.

ಇನ್ನೊಂದು ಸಂಗತಿ. ನಾಲ್ಕೈದು ಸ್ವರ ಒಟ್ಟಿಗೆ ಹಿಡಿಯುವ ಬದಲು ಅವನು ಎರಡೇ ಸ್ವರದ ಹಿಡಿತವನ್ನು ಹೆಚ್ಚು ಬಳಸಿದ. ಪವರ್ ಕಾರ್ಡ್ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 'ಸ' ಮತ್ತು 'ಪ' ಒಟ್ಟಿಗೆ, ತಂಬೂರಿಯ ಜೋಡಿ. ಒಡಕು ಸದ್ದಿನಲ್ಲಿ ಹೆಚ್ಚು ಸ್ವರ ಸೇರಿಸಿದರೆ ಗೋಜಲಾಗುತ್ತದೆ. ಸ-ಪ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಇವತ್ತು ಜಗತ್ತಿನ ಬಹಳಷ್ಟು ಮೆಟಲ್ ಬ್ಯಾಂಡ್‌ಗಳಲ್ಲಿ ಇಳಿಸಿದ ಶ್ರುತಿ ಮತ್ತು ಸ-ಪ ಹಿಡಿತ ಸಿಗುತ್ತವೆ. ಕೈಬೆರಳು ಪೂರ್ತಿ ಇರುವವರೂ ಹಾಗೇ ನುಡಿಸುತ್ತಾರೆ.

ಸೈತಾನನ ಸ್ವರ ಅಂದರೆ ನಮ್ಮ ಕಲ್ಯಾಣಿಯ ಮಧ್ಯಮ

ಮೊದಲ ಆಲ್ಬಮ್ ಹೊರಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. 13ನೇ ತಾರೀಕು ಶುಕ್ರವಾರ ಬಿದ್ದರೆ ಅಲ್ಲಿ ಅಪಶಕುನ. ಬೇಕಂತಲೇ ಆರಿಸಿದ ದಿನ. ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದ್ದ ಆಲ್ಬಮ್ ಅದು. ವಿಮರ್ಶಕರು ಉಗಿದರು. ಜನ ಕೊಂಡರು.

ಮೊದಲ ಹಾಡಿನ ಹೆಸರೂ ಬ್ಯಾಂಡಿನ ಹೆಸರೇ. ಅದರ ರಿಫ್ ಮೂರೇ ಸ್ವರ: ಸ, ಮೇಲಿನ ಸ, ಆಮೇಲೆ ಪ್ರತಿ ಮಧ್ಯಮ. ಈ ಸ-ಪ್ರತಿಮಧ್ಯಮದ ಅಂತರಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ 'ಸಂಗೀತದೊಳಗಿನ ಸೈತಾನ' ಅನ್ನುವ ಅಡ್ಡಹೆಸರಿದೆ. ಚರ್ಚು ಇದನ್ನು ನಿಷೇಧಿಸಿತ್ತು ಅನ್ನುವ ಕತೆಯೂ ಓಡಾಡುತ್ತದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ಆ ಕಿವಿಗಳಿಗೆ ಅದು ಕಿರಿಕಿರಿಯ ಅಂತರ ಅನ್ನುವುದು ನಿಜ.

ನಮಗೆ ನಗು ಬರಬೇಕು. ಯಾಕೆಂದರೆ ಕಲ್ಯಾಣಿ ರಾಗದ ಜೀವವೇ ಆ ಮಧ್ಯಮ. ಮದುವೆ ಮನೆಯಲ್ಲಿ ನಾದಸ್ವರದವರು ಅದನ್ನು ನುಡಿಸಿದರೆ ಯಾರೂ ಓಡಿಹೋಗುವುದಿಲ್ಲ. 72 ಮೇಳಕರ್ತ ರಾಗಗಳಲ್ಲಿ ಸರಿಯಾಗಿ ಅರ್ಧ, 36 ರಾಗಗಳಲ್ಲಿ, ಪ್ರತಿ ಮಧ್ಯಮ ಇದೆ. ಅವರ ಸೈತಾನ ನಮ್ಮಲ್ಲಿ ಅರ್ಧ ಮನೆ ಹಿಡಿದು ಕೂತಿದ್ದಾನೆ.

ಹಾಗಾದರೆ ಅದೇ ಸ್ವರ ಅಲ್ಲಿ ಹೆದರಿಸುವುದು ಹೇಗೆ? ಕಲ್ಯಾಣಿಯಲ್ಲಿ ಆ ಮಧ್ಯಮ ಒಂಟಿಯಲ್ಲ. ಪಕ್ಕದ ಪಂಚಮಕ್ಕೆ ಒರಗಿಕೊಳ್ಳುತ್ತದೆ, ಹಿಂದೆ ತಂಬೂರಿ ಇರುತ್ತದೆ. ಬ್ಲ್ಯಾಕ್ ಸ್ಯಾಬತ್ ಅದನ್ನು ಪಂಚಮಕ್ಕೆ ಹೋಗಲು ಬಿಡುವುದಿಲ್ಲ. ನಡುದಾರಿಯಲ್ಲೇ ನೇತುಹಾಕುತ್ತದೆ. ಅದೂ ನಿಧಾನಕ್ಕೆ, ಒಡಕು ಸದ್ದಿನಲ್ಲಿ. ಮೆಟ್ಟಿಲು ಇದೆ ಅಂದುಕೊಂಡು ಕತ್ತಲಲ್ಲಿ ಕಾಲಿಟ್ಟಾಗ ನೆಲ ಸಿಗದಿದ್ದರೆ ಎದೆ ಝಲ್ ಅನ್ನುತ್ತದಲ್ಲ, ಆ ಥರ.

ಅದರ ಮೇಲೆ ಓಜಿಯ ದನಿ. ಅದು ತರಬೇತಿ ಪಡೆದ ಕಂಠವಲ್ಲ. ಸ್ವಲ್ಪ ಮೂಗಿನದು, ಅಳುವ ಹುಡುಗನದು. ಭಾರವಾದ ಗಿಟಾರಿನ ಮೇಲೆ ಅಬ್ಬರಿಸುವ ಗಂಡುದನಿ ಇದ್ದಿದ್ದರೆ ಅದು ಬೆದರಿಕೆಯ ಹಾಗೆ ಕೇಳುತ್ತಿತ್ತು. ಓಜಿ ಹಾಡಿದರೆ ಹೆದರಿದವನೇ ಬಂದು ಹೇಳುತ್ತಿದ್ದಾನೆ ಅನ್ನಿಸುತ್ತದೆ. ಒಬ್ಬೊಬ್ಬರೇ ರೂಮಿನಲ್ಲಿ ಕೂತು ಕೇಳಿದ ಮಕ್ಕಳಿಗೆ ಹತ್ತಿರವಾಗಿದ್ದು ಇದೇ ಇರಬೇಕು.

ಸೈತಾನನ ಪೂಜೆ ಮಾಡುವವರು ಅನ್ನುವ ಆರೋಪವೂ ಬಂತು. ಹಾಡುಗಳನ್ನು ಓದಿದರೆ ಹಾಗೇನೂ ಕಾಣುವುದಿಲ್ಲ. ಬಹುತೇಕ ಸಾಹಿತ್ಯ ಗೀಜರ್ ಬಟ್ಲರ್ ಬರೆದದ್ದು. 'ವಾರ್ ಪಿಗ್ಸ್' ಯುದ್ಧ ನಡೆಸುವ ದೊಡ್ಡವರನ್ನು ಬೈಯುವ ಹಾಡು, ವಿಯೆಟ್ನಾಂ ಯುದ್ಧದ ಕಾಲದ್ದು. ನಾಲ್ವರೂ ಕುತ್ತಿಗೆಗೆ ದೊಡ್ಡ ಶಿಲುಬೆ ಹಾಕಿಕೊಳ್ಳುತ್ತಿದ್ದರು. ಮೊದಲ ಶಿಲುಬೆಗಳನ್ನು ಕಾರ್ಖಾನೆಯ ಲೋಹದಲ್ಲಿ ಮಾಡಿಕೊಟ್ಟವರು ಓಜಿಯ ಅಪ್ಪ. ನಮ್ಮಲ್ಲಿ ತಾಯಿತ ಕಟ್ಟುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇಲ್ಲ.

ಸರಿ, ಬಾವಲಿ

1979ರಲ್ಲಿ ಬ್ಯಾಂಡ್ ಓಜಿಯನ್ನು ಹೊರಹಾಕಿತು. ಕಾರಣ ಕುಡಿತ, ಡ್ರಗ್ಸ್. ಉಳಿದವರೂ ಸಾಚಾ ಅಲ್ಲ, ಆದರೆ ಇವನದು ಮಿತಿ ಮೀರಿತ್ತು. ಮ್ಯಾನೇಜರ್ ಮಗಳು ಶರನ್ ಅವನನ್ನು ಎಬ್ಬಿಸಿ ನಿಲ್ಲಿಸಿದರು, ಅವನ ವ್ಯವಹಾರ ನೋಡಿಕೊಂಡರು, 1982ರಲ್ಲಿ ಮದುವೆಯೂ ಆದರು. 1980ರಲ್ಲಿ ಬಂದ ಅವನ ಮೊದಲ ಸ್ವಂತ ಆಲ್ಬಮ್ ದೊಡ್ಡ ಯಶಸ್ಸು. ಅದರ ಗಿಟಾರ್ ವಾದಕ ರ‍್ಯಾಂಡಿ ರೋಡ್ಸ್ 1982ರ ಮಾರ್ಚಿನಲ್ಲಿ ಸಣ್ಣ ವಿಮಾನ ಬಿದ್ದು ತೀರಿಕೊಂಡ. ಅವನಿಗೆ ಬರೀ 25 ವರ್ಷ.

ಬಾವಲಿ ಪ್ರಸಂಗ ಅದೇ ವರ್ಷದ ಜನವರಿ 20ರದು. ಅಮೆರಿಕದ ಡೆ ಮೊಯ್ನ್ ಊರಿನ ಕಾರ್ಯಕ್ರಮ. ಪ್ರೇಕ್ಷಕರು ವೇದಿಕೆಗೆ ಏನೇನೋ ಎಸೆಯುತ್ತಿದ್ದರು. ಬಾವಲಿಯೊಂದು ಬಂದು ಬಿತ್ತು. ರಬ್ಬರಿನದು ಅಂದುಕೊಂಡು ಕಚ್ಚಿದೆ ಅಂತ ಓಜಿ ಹೇಳುತ್ತಾ ಬಂದ. ಅದು ನಿಜವಾದದ್ದು. ಆಮೇಲೆ ರೇಬೀಸ್ ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಆ ಒಂದು ಕಚ್ಚು ಅವನನ್ನು ಸಾಯುವ ತನಕ ಬಿಡಲಿಲ್ಲ.

ಅದಕ್ಕಿಂತ ಕೆಟ್ಟದ್ದೂ ಇದೆ, ಅದನ್ನು ಬಿಟ್ಟು ಹೇಳಿದರೆ ಸರಿಯಾಗದು. 1989ರಲ್ಲಿ ಅಮಲಿನಲ್ಲಿ ಶರನ್ ಅವರ ಕತ್ತು ಹಿಸುಕಿದ. ಪೊಲೀಸರು ಬಂಧಿಸಿದರು. ಶರನ್ ಮೊಕದ್ದಮೆ ಮುಂದುವರಿಸಲಿಲ್ಲ. ಓಜಿ ತಿಂಗಳುಗಟ್ಟಲೆ ಚಿಕಿತ್ಸಾ ಕೇಂದ್ರದಲ್ಲಿದ್ದ. ಇದನ್ನು ಅವನೇ ಮುಚ್ಚಿಡದೆ ಹೇಳಿಕೊಂಡಿದ್ದಾನೆ. ಅಭಿಮಾನಿಗಳಿಗೆ ಗೊತ್ತಿಲ್ಲದ ವಿಷಯವೇನಲ್ಲ.

2002ರಲ್ಲಿ ಎಂಟಿವಿಯಲ್ಲಿ ಅವನ ಮನೆಯೊಳಗಿನ ರಿಯಾಲಿಟಿ ಶೋ ಶುರುವಾಯಿತು. ಟಿವಿ ರಿಮೋಟ್ ಕೆಲಸ ಮಾಡುವುದು ಹೇಗೆ ಅಂತ ಗೊತ್ತಾಗದೆ ಒದ್ದಾಡುವ, ನಾಯಿಗಳ ಹಿಂದೆ ಓಡುವ, ಮಕ್ಕಳ ಮೇಲೆ ಗೊಣಗುವ ಅಪ್ಪ. ಕತ್ತಲಿನ ರಾಜಕುಮಾರ ಅಂತ ಕರೆಸಿಕೊಂಡವನು ಮನೆಯಲ್ಲಿ ನಮ್ಮ ನಿಮ್ಮ ಹಾಗೇ. ಒಂದೂ ಹಾಡು ಕೇಳದ ಜನರಿಗೆ ಓಜಿ ಇಷ್ಟವಾದದ್ದು ಆಗ.

ಬರ್ಮಿಂಗ್‌ಹ್ಯಾಮಿಗೆ ಅವನು ಯಾರು?

ಈ ಊರಿಗೆ 'ಸಾವಿರ ಕಸುಬುಗಳ ಊರು' ಅನ್ನುವ ಹೆಸರಿದೆ. ಗುಂಡುಸೂಜಿಯಿಂದ ಕಾರಿನ ತನಕ ಎಲ್ಲ ಮಾಡಿದ ಊರು. ಆದರೆ ಹೆಸರು, ಹೊಳಪು ಹೋಗಿದ್ದು ಲಂಡನ್ನಿಗೆ. ಬೀಟಲ್ಸ್‌ನಿಂದ ಲಿವರ್‌ಪೂಲ್ ಜಗತ್ತಿಗೆ ಗೊತ್ತಾಯಿತು. ಬರ್ಮಿಂಗ್‌ಹ್ಯಾಮಿನ ಮಾತಿನ ಧಾಟಿಯನ್ನು ಆಡಿಕೊಂಡು ನಗುವುದು ಬ್ರಿಟನ್ನಿನಲ್ಲಿ ಹಳೇ ಚಾಳಿ. ಓಜಿ ಅಮೆರಿಕದಲ್ಲಿ ದಶಕಗಟ್ಟಲೆ ಬದುಕಿದರೂ ಆ ಧಾಟಿ ಬಿಡಲಿಲ್ಲ. ನಮ್ಮ ಕಡೆಯವರು ಯಾರಾದರೂ ದೊಡ್ಡ ವೇದಿಕೆಯಲ್ಲಿ ನಿಂತು ಹುಬ್ಬಳ್ಳಿ ಮಾತನ್ನೋ ಮಂಡ್ಯದ ಮಾತನ್ನೋ ಹಾಗೇ ಆಡಿದರೆ ಖುಷಿಯಾಗುತ್ತದಲ್ಲ, ಅದೇ ಖುಷಿ.

ಊರು ಇದನ್ನು ಒಪ್ಪಿಕೊಳ್ಳಲು ಸಾಕಷ್ಟು ಸಮಯ ತಗೊಂಡಿತು. 2007ರಲ್ಲಿ ಬ್ರಾಡ್ ಸ್ಟ್ರೀಟಿನ ನೆಲದಲ್ಲಿ ಅವನ ಹೆಸರಿನ ನಕ್ಷತ್ರ ಹಾಕಿದರು. 2019ರಲ್ಲಿ ಅದೇ ರಸ್ತೆಯ ಕಾಲುವೆ ಸೇತುವೆಗೆ 'ಬ್ಲ್ಯಾಕ್ ಸ್ಯಾಬತ್ ಸೇತುವೆ' ಅಂತ ಹೆಸರಿಟ್ಟರು. ನಾಲ್ವರ ಮುಖ ಇರುವ ಬೆಂಚು ಅಲ್ಲಿದೆ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮಾಡಿದ್ದ ಹತ್ತು ಮೀಟರ್ ಎತ್ತರದ ಯಾಂತ್ರಿಕ ಗೂಳಿ ಈಗ ನ್ಯೂ ಸ್ಟ್ರೀಟ್ ರೈಲು ನಿಲ್ದಾಣದಲ್ಲಿದೆ. ಅದಕ್ಕೆ ಏನು ಹೆಸರಿಡೋಣ ಅಂತ ಜನರನ್ನೇ ಕೇಳಿದರು. ಜನ ಆರಿಸಿದ ಹೆಸರು ಓಜಿ. 2023ರಲ್ಲಿ ಅಲ್ಲಿನ ಬ್ಯಾಲೆ ತಂಡ ಬ್ಲ್ಯಾಕ್ ಸ್ಯಾಬತ್ ಹಾಡುಗಳಿಗೆ ನೃತ್ಯ ಮಾಡಿತು. ಒಂದು ಕಾಲದಲ್ಲಿ ಸಭ್ಯರು ಮೂಗು ಮುರಿದ ಸಂಗೀತ ಅದು.

ಸಾಯುವ 17 ದಿನ ಮೊದಲು

2020ರಲ್ಲಿ ಓಜಿ ತನಗೆ ಪಾರ್ಕಿನ್‌ಸನ್ ಕಾಯಿಲೆ ಇದೆ ಅಂತ ಹೇಳಿದ. ಮಿದುಳಿನಲ್ಲಿ ಡೋಪಮೀನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ನಿಧಾನವಾಗಿ ಸಾಯುವ ಕಾಯಿಲೆ ಇದು. ಡೋಪಮೀನ್ ನಮ್ಮ ಚಲನೆಗೆ ಎಣ್ಣೆ ಇದ್ದ ಹಾಗೆ. ಅದು ಕಡಿಮೆಯಾದರೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಇಡುವುದೇ ಕೆಲಸವಾಗುತ್ತದೆ. ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ. ಜೊತೆಗೆ 2019ರಲ್ಲಿ ಮನೆಯಲ್ಲಿ ಬಿದ್ದು ಅವನ ಬೆನ್ನುಮೂಳೆಗೆ ಏಟಾಗಿತ್ತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಪ್ರವಾಸಗಳೆಲ್ಲ ರದ್ದು.

ಜನರಿಗೆ ಸರಿಯಾಗಿ ಹೋಗಿಬರುತ್ತೇನೆ ಅಂತ ಹೇಳಬೇಕು, ಅದೊಂದು ಆಸೆ ಉಳಿದಿತ್ತು. 2025ರ ಜುಲೈ 5ರಂದು ಅದಾಯಿತು. ಜಾಗ ವಿಲ್ಲಾ ಪಾರ್ಕ್, ಆಸ್ಟನ್ ವಿಲ್ಲಾ ಫುಟ್‌ಬಾಲ್ ತಂಡದ ಮೈದಾನ. ಓಜಿ ಬೆಳೆದ ಮನೆಯಿಂದ ನಡೆದುಹೋಗುವಷ್ಟೇ ದೂರ. ಚಿಕ್ಕವನಿದ್ದಾಗ ಮ್ಯಾಚಿನ ದಿನ ಹೊರಗೆ ನಿಂತು 'ನಿಮ್ಮ ಕಾರು ನೋಡ್ಕೋತೀನಿ ಸಾರ್' ಅಂತ ಚಿಲ್ಲರೆ ಸಂಪಾದಿಸುತ್ತಿದ್ದ ಜಾಗ ಅದು. ಈಗ ಒಳಗೆ 40,000ಕ್ಕೂ ಹೆಚ್ಚು ಜನ ಅವನಿಗೋಸ್ಕರ.

ಮೆಟಾಲಿಕಾ, ಗನ್ಸ್ ಎನ್ ರೋಸಸ್, ಸ್ಲೇಯರ್, ಟೂಲ್, ಪ್ಯಾಂಟೆರಾ, ಹೀಗೆ ಮೆಟಲ್ ಲೋಕದ ಘಟಾನುಘಟಿಗಳು ಮಧ್ಯಾಹ್ನದಿಂದ ಸಾಲಾಗಿ ಬಂದು ನುಡಿಸಿದರು. ತಮ್ಮ ಹಾಡಿನ ಜೊತೆ ಬ್ಲ್ಯಾಕ್ ಸ್ಯಾಬತ್ ಅಥವಾ ಓಜಿಯ ಹಾಡುಗಳನ್ನೂ ಹಾಡಿದರು. ಗುರುವಿನ ಎದುರು ಶಿಷ್ಯರು ಹಾಡಿ ಒಪ್ಪಿಸುವ ಹಾಗೆ ಇತ್ತು. ಹಣ ಪಾರ್ಕಿನ್‌ಸನ್ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ, ಮಕ್ಕಳ ಆರೈಕೆ ಕೇಂದ್ರಕ್ಕೆ.

ಕತ್ತಲಾಗುವ ಹೊತ್ತಿಗೆ ಓಜಿ ಬಂದ. ನಿಲ್ಲಲು ಆಗುತ್ತಿರಲಿಲ್ಲ. ಕಪ್ಪು ಸಿಂಹಾಸನದ ಮೇಲೆ ಕೂತೇ ಹಾಡಿದ. ಮೊದಲು ತನ್ನ ಐದು ಹಾಡು. ಅದರಲ್ಲಿ ಒಂದು, ಮನೆಗೆ ಬರುತ್ತಿದ್ದೇನೆ ಅನ್ನುವ ಅರ್ಥದ್ದು. ಅದನ್ನು ಹಾಡುವಾಗ ದನಿ ಕುಸಿಯಿತು. ಕುಸಿದ ಕಡೆಯೆಲ್ಲ ಮೈದಾನ ಎತ್ತಿಕೊಂಡಿತು. ಆಮೇಲೆ ಟೋನಿ, ಗೀಜರ್, ಬಿಲ್ ಬಂದು ಸೇರಿಕೊಂಡರು. ಮೊದಲಿನ ಆ ನಾಲ್ವರು ಒಟ್ಟಿಗೆ ವೇದಿಕೆ ಹತ್ತಿ 20 ವರ್ಷ ಆಗಿತ್ತು. ನಾಲ್ಕು ಹಾಡು ಹಾಡಿ ಮುಗಿಸಿದರು.

ಜುಲೈ 22ರಂದು ಓಜಿ ತೀರಿಕೊಂಡ. 76 ವರ್ಷ.

ಸಾಮಾನ್ಯವಾಗಿ ಕಲಾವಿದರು ಹೋದ ಮೇಲೆ ಜನ ಅಯ್ಯೋ ಒಂದು ಸಲ ನೋಡಬೇಕಿತ್ತು ಅಂತ ಪರಿತಪಿಸುತ್ತಾರೆ. ಇಲ್ಲಿ ಕೃತಜ್ಞತೆ ಹೇಳುವುದು ಮುಗಿದಿತ್ತು, ಅವನೂ ಕಿವಿಯಾರೆ ಕೇಳಿಸಿಕೊಂಡಿದ್ದ. ಬ್ರಾಡ್ ಸ್ಟ್ರೀಟಿನಲ್ಲಿ ಅಳುವಿನ ಜೊತೆ ಕೇಕೆ ಇದ್ದುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಅಭಿಮಾನಿಗಳು ಏನು ಮಾಡುತ್ತಾರೆ, ಆ ಕೊಂಬಿನ ಕೈ ಯಾಕೆ?

ಸೇತುವೆಯ ಬೆಂಚಿನ ಸುತ್ತ ಹೂವು, ಪತ್ರ, ಮೇಣದಬತ್ತಿ, ಆಟಿಕೆ ಬಾವಲಿಗಳು ರಾಶಿ ಬಿದ್ದವು. ನ್ಯಾವಿಗೇಷನ್ ಸ್ಟ್ರೀಟಿನ ಗೋಡೆಚಿತ್ರದ ಮುಂದೆಯೂ ಹಾಗೇ. ನಗರದ ವಸ್ತುಸಂಗ್ರಹಾಲಯದಲ್ಲಿ ಓಜಿಯ ಪ್ರದರ್ಶನ ಅವನು ಸಾಯುವ ಮೊದಲೇ, ಜೂನಿನಲ್ಲಿ ಶುರುವಾಗಿತ್ತು. ಅಲ್ಲಿ ಸಂತಾಪದ ಪುಸ್ತಕ ಇಟ್ಟರು. ಅದೇ ಜುಲೈ 30ರಂದು ಲಂಡನ್ನಿನ ಅರಮನೆಯ ಮುಂದೆ ಕಾವಲು ಪಡೆಯ ವಾದ್ಯತಂಡ ಅವನ 'ಪ್ಯಾರನಾಯ್ಡ್' ಹಾಡು ನುಡಿಸಿತು. ಕೆಂಪು ಕೋಟು, ಕರಡಿ ಟೋಪಿ ಹಾಕಿಕೊಂಡವರು!

ಮೆರವಣಿಗೆ ಸೇತುವೆ ಹತ್ತಿರ ನಿಂತಾಗ ಶರನ್ ಮತ್ತು ಮಕ್ಕಳು ಇಳಿದು ಹೂವುಗಳನ್ನು ನೋಡಿದರು. ಜನರ ಕಡೆ ತಿರುಗಿ ಎರಡು ಬೆರಳಿನ ಶಾಂತಿ ಸಂಕೇತ ತೋರಿಸಿದರು. ಅದು ಓಜಿಯ ಗುರುತು. ಜನರಲ್ಲಿ ಎಷ್ಟೋ ಮಂದಿ ಎತ್ತುವುದು ಇನ್ನೊಂದು ಕೈ: ತೋರುಬೆರಳು, ಕಿರುಬೆರಳು ಮೇಲೆ, ನಡುವಿನ ಎರಡು ಮಡಿಸಿ. ಕೊಂಬಿನ ಕೈ. ಇದನ್ನು ಮೆಟಲ್ ಲೋಕದಲ್ಲಿ ಹರಡಿದವನು ಓಜಿ ಅಲ್ಲ, ಅವನು ಹೊರಬಿದ್ದ ಮೇಲೆ ಅದೇ ಬ್ಯಾಂಡಿಗೆ ಬಂದ ರಾನಿ ಜೇಮ್ಸ್ ಡಿಯೊ. ಓಜಿ ಶಾಂತಿ ಸಂಕೇತ ತೋರಿಸುತ್ತಾನೆ, ನಾನು ಬೇರೇನಾದರೂ ಮಾಡಬೇಕು ಅಂತ ಡಿಯೊ ತನ್ನ ಇಟಲಿ ಮೂಲದ ಅಜ್ಜಿಯ ಕೈಸನ್ನೆ ಎತ್ತಿಕೊಂಡ. ಅಜ್ಜಿ ಅದನ್ನು ಮಾಡುತ್ತಿದ್ದುದು ಕೆಟ್ಟ ಕಣ್ಣು ಬೀಳದಿರಲಿ ಅಂತ. ಸೈತಾನನ ಗುರುತು ಅಂತ ಹೆದರುವವರಿಗೆ ಹೇಳಬಹುದು: ಅದು ದೃಷ್ಟಿ ತೆಗೆಯುವ ಕೈ. ನಮ್ಮಜ್ಜಿಯರು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದರು, ಅವರಜ್ಜಿ ಬೆರಳು ಎತ್ತುತ್ತಿದ್ದರು.

ಬೆಂಗಳೂರಿಗೂ ಇದಕ್ಕೂ ಏನು?

ಬೇಕಾದಷ್ಟಿದೆ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದರು. ದೇಶದ ಮೂಲೆಮೂಲೆಯಿಂದ ಹುಡುಗರು ರೈಲು ಹತ್ತಿ ಬಂದಿದ್ದರು. ಆ ಮೆಟಾಲಿಕಾ ಬ್ಯಾಂಡಿನವರೇ 2006ರಲ್ಲಿ ಬ್ಲ್ಯಾಕ್ ಸ್ಯಾಬತ್‌ಗೆ ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ವೇದಿಕೆಯಲ್ಲಿ ಅವರನ್ನು ಬರಮಾಡಿಕೊಂಡವರು. ಬೆಂಗಳೂರಿನದೇ ಆದ ಕ್ರಿಪ್ಟೋಸ್ ಬ್ಯಾಂಡ್ 1998ರಿಂದ ಇದೆ. ಜರ್ಮನಿಯ ವಾಕೆನ್ ಮೆಟಲ್ ಉತ್ಸವದಲ್ಲೂ ನುಡಿಸಿ ಬಂದಿದೆ. ಇಲ್ಲಿನ ಯಾವುದಾದರೂ ಗ್ಯಾರೇಜಿನಲ್ಲಿ ಗಿಟಾರ್ ಕಲಿಯುವ ಹುಡುಗಿಯೋ ಹುಡುಗನೋ ಮೊದಲ ತಿಂಗಳಲ್ಲೇ ಆ ಸ-ಪ ಹಿಡಿತ ಕಲಿಯುತ್ತಾರೆ. ಅದರ ಹಿಂದೆ ಒಂದು ಪ್ಲಾಸ್ಟಿಕ್ ಬಾಟಲಿ ಇದೆ ಅಂತ ಬಹಳ ಜನರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಕೇಳಬೇಕು ಅನ್ನಿಸಿದರೆ ಎಲ್ಲಿಂದ ಶುರು ಮಾಡುವುದು? 1970ರ ಆ ಮೊದಲ ಆಲ್ಬಮ್ಮಿನ ಮೊದಲ ಹಾಡಿನಿಂದಲೇ. ರಾತ್ರಿ ಹೊತ್ತು, ಹೆಡ್‌ಫೋನ್ ಹಾಕಿಕೊಂಡು. ಮೊದಲು ಮಳೆ ಸುರಿಯುತ್ತದೆ. ಗುಡುಗು. ದೂರದಲ್ಲೊಂದು ಚರ್ಚಿನ ಗಂಟೆ. ಒಂದಿಷ್ಟು ಹೊತ್ತು ಏನೂ ಆಗುವುದಿಲ್ಲ, ಫಾರ್ವರ್ಡ್ ಮಾಡಬೇಡಿ. ಆಮೇಲೆ ಬರುತ್ತದೆ: ಸ, ಮೇಲಿನ ಸ, ಪ್ರತಿ ಮಧ್ಯಮ.